ಮೆಟ್ಟು ಕಿತ್ತ ಬೇಸ್ ಗಿಟಾರು

ಜಯತೀರ್ಥನ ಮನೆಯಲ್ಲಿ ಅವನ ಬೇಸ್ ಗಿಟಾರೂ ಅವನ ಸೋದರತ್ತೆಯ ವೀಣೆಯೂ ಒಂದೇ ಕೋಣೆಯಲ್ಲಿದ್ದವು.

"ಅಕ್ಕಾ, ನಾಳೆ ನನ್ನ ಕತ್ತಿನ ಮೇಲಿನ ಲೋಹದ ಮೆಟ್ಟುಗಳನ್ನೆಲ್ಲ ಕೀಳುತ್ತಾನಂತೆ," ಎಂದಿತು ಗಿಟಾರು. "ಅವನ ಬೆರಳು ಅಡ್ಡಿಯಿಲ್ಲದೆ ಜಾರಬೇಕಂತೆ. ಆಮೇಲೆ ನಾನೂ ನಿನ್ನ ಹಾಗೆ ಗಮಕ ನುಡಿಯುತ್ತೇನೆ."

"ನನಗೂ ಮೆಟ್ಟುಗಳಿವೆಯಲ್ಲ ತಮ್ಮಾ," ಎಂದಿತು ವೀಣೆ. "ಅವುಗಳ ಮೇಲೆ ತಂತಿ ಎಳೆದರೇ ನನ್ನ ಗಮಕ. ನನ್ನವು ಮೇಣದಲ್ಲಿ ಕೂತಿವೆ, ಕಿತ್ತರೂ ಮತ್ತೆ ಕೂರಿಸಬಹುದು. ನಿನ್ನವು ಮರದೊಳಗೆ ನಾಟಿವೆ. ಅವನ ಬೆರಳು ಕೊಂಚ ಆಚೀಚೆಯಾದರೂ ಸ್ವರ ಕೆಡದಂತೆ ಕಾಯುವುದು ಅವೇ. ಬಿಗಿಯಾಗಿ ಹಿಡಿದುಕೋ."

"ನಿನಗೆ ಹೊಟ್ಟೆಕಿಚ್ಚು," ಎಂದ ಗಿಟಾರು ಮರುದಿನ ಇಕ್ಕಳ ಬಂದಾಗ ಹಿಡಿತ ಸಡಿಲಿಸಿತು. ಆದರೂ ಮೆಟ್ಟುಗಳ ಜೊತೆ ಮರದ ಚಕ್ಕೆಗಳೂ ಎದ್ದುಬಂದವು.

ಮುಂದಿನ ವಾರ ಒಂದು ಆರತಕ್ಷತೆಯಲ್ಲಿ ವಾದ್ಯಗೋಷ್ಠಿಯಿತ್ತು. ಹಾಡುತ್ತಿದ್ದವಳು ಪಲ್ಲವಿಯ ನಡುವೆಯೇ ಹಿಂತಿರುಗಿ ಜಯತೀರ್ಥನನ್ನು ದುರುಗುಟ್ಟಿ ನೋಡಿದಳು. ಮನೆಗೆ ಬಂದವನೇ ಅವನು ಮೆಟ್ಟುಗಳನ್ನು ಮತ್ತೆ ಕೂರಿಸಲು ಹೆಣಗಿದ. ಚಕ್ಕೆ ಎದ್ದ ಮರದಲ್ಲಿ ಅವು ನಿಲ್ಲಲಿಲ್ಲ. ಕೊನೆಗೆ ಒಂದೊಂದು ಮೆಟ್ಟಿದ್ದ ಜಾಗದಲ್ಲೂ ಒಂದೊಂದು ಬಿಳಿ ಗೆರೆ ಎಳೆದ.

"ಈಗ ಸ್ವರ ತಪ್ಪುತ್ತಿಲ್ಲವಲ್ಲ," ಎಂದಿತು ವೀಣೆ, ಸಮಾಧಾನ ಹೇಳುವಂತೆ. "ಮತ್ಯಾಕೆ ಈ ಬೇಸರ?"

"ತಪ್ಪುತ್ತಿಲ್ಲ ಅಕ್ಕಾ," ಎಂದಿತು ಗಿಟಾರು. "ಆದರೆ ಮೊದಲೆಲ್ಲ ಅವನು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ."