ಹಲಗೆಯ ಆಚೆ ನಿಂತವನು

"ಬುದ್ಧಿ, ಹೆದರಿದ ಜೀವಕ್ಕೆ ಧೈರ್ಯ ತುಂಬುವುದು ಹೇಗೆ?" ಎಂದು ಮರುಳಯ್ಯ ತನ್ನ ಗುರುಗಳನ್ನು ಕೇಳಿದ.

ಮರುದಿನ ನಸುಕಿಗೆ ಅವನು ಯಾತ್ರೆಗೆ ಹೊರಡುವವನು. ಬಟ್ಟೆಯ ಗಂಟು ಕಟ್ಟಿ ಆಗಲೇ ಮಠದ ಜಗಲಿಯ ಮೇಲೆ ಇಟ್ಟಿದ್ದ. ಆದರೆ ಊರಿನ ಒಂದು ಸಂಗತಿ ಅವನನ್ನು ಬಿಟ್ಟಿರಲಿಲ್ಲ. ಪಟೇಲನ ಆಳುಗಳು ಕುಂಬಾರರ ಕೆಂಪಮ್ಮನ ಗಂಡನನ್ನು ಹೊಡೆದು ಹಾಸಿಗೆ ಹಿಡಿಸಿದ್ದರು. ಕಣ್ಣಾರೆ ಕಂಡವಳು ಅವಳೊಬ್ಬಳೇ. ನಾಳೆ ಊರ ಕಟ್ಟೆಯ ಮೇಲೆ ನ್ಯಾಯ. ಬಾಯಿ ಬಿಟ್ಟರೆ ಗುಡಿಸಲಿಗೆ ಬೆಂಕಿ ಇಡುತ್ತೇವೆ ಎಂದು ಅವಳಿಗೆ ಹೇಳಿಹೋಗಿದ್ದರು.

"ಹೆದರಬೇಡ ತಾಯಿ, ನಾನಿದ್ದೇನೆ, ಕಂಡದ್ದನ್ನು ಹೇಳು ಎಂದು ಹೇಳಿ ಬಂದಿದ್ದೇನೆ. ಅರೆಮನಸ್ಸಿನಿಂದ ಒಪ್ಪಿದ್ದಾಳೆ. ಉಳಿದ ಹೆದರಿಕೆಯನ್ನೂ ಬಿಡಿಸಿಬಿಟ್ಟರೆ ನಾನು ನೆಮ್ಮದಿಯಿಂದ ಹೊರಡಬಹುದು" ಎಂದ ಮರುಳಯ್ಯ.

"ಹೌದಪ್ಪಾ, ನಿನ್ನ ನೆಮ್ಮದಿ ದೊಡ್ಡದು. ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಬೇಟೆಗಾರನಿದ್ದ. ಅವನ ಹತ್ತಿರ ಒಂದು ನಾಯಿ ಇತ್ತು. ಹಿಂದಿನ ಒಡೆಯ ಅದಕ್ಕೆ ಅನ್ನಕ್ಕಿಂತ ಹೆಚ್ಚಾಗಿ ಏಟನ್ನೇ ತಿನ್ನಿಸಿದ್ದ. ಎಲೆ ಅಲುಗಿದರೆ ಬೆಚ್ಚುತ್ತಿತ್ತು. ಹೊಸಬರು ಕಂಡರೆ ಹಲ್ಲು ಕಿರಿದು ಮೇಲೆರಗುತ್ತಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಈ ನಾಯಿ ಸಿಕ್ಕಿರಲಿಲ್ಲ. ಇದು ಬೊಗಳುತ್ತಲೂ ಇತ್ತು, ಕಚ್ಚುತ್ತಲೂ ಇತ್ತು. ಊರವರು ಕೊಂದುಹಾಕು ಎಂದರು. ಬೇಟೆಗಾರ ಕೊಲ್ಲಲಿಲ್ಲ. ಅದು ಕೆಟ್ಟ ನಾಯಿಯಲ್ಲ, ಹೆದರಿದ ನಾಯಿ ಎಂದು ಅವನಿಗೆ ತಿಳಿದಿತ್ತು.

ಅವನು ಮನೆಯಲ್ಲಿದ್ದ ಕೋಲನ್ನು ಒಲೆಗೆ ಹಾಕಿದ. ಜನ ಓಡಾಡುವ ದಾರಿಯಿಂದ ದೂರ ನಾಯಿಯ ಜೊತೆ ಕೂತ. ಯಾರಾದರೂ ಕಂಡಾಗಲೆಲ್ಲ ಅದರ ಬಾಯಿಗೆ ಒಂದು ಚೂರು ಮಾಂಸ ಇಟ್ಟ. ದಿನ ಕಳೆದಂತೆ ದಾರಿಗೆ ಹತ್ತಿರ ಹತ್ತಿರ ಸರಿದು ಕೂತ. ಹೊಸಬರು ಕಂಡರೆ ಬೊಗಳುವ ಬದಲು ನಾಯಿ ಅವನ ಮುಖ ನೋಡುವುದನ್ನು ಕಲಿಯಿತು.

ಆ ಸೀಮೆಯ ಪಾಳೆಯಗಾರ ವರ್ಷಕ್ಕೊಮ್ಮೆ ನಾಯಿಗಳ ಪಂದ್ಯ ಇಡುತ್ತಿದ್ದ. ನಾಯಿ ಮುಳ್ಳುಬೇಲಿ ಹಾರಬೇಕು, ಕೆರೆಯ ತೂಬಿನಲ್ಲಿ ನುಸುಳಬೇಕು, ಕೊನೆಗೆ ಕಲ್ಲು ತೆಗೆದ ಹಳ್ಳದ ಮೇಲಿನ ಹಲಗೆ ದಾಟಿ, ಆಚೆ ನಿಂತ ಒಡೆಯನನ್ನು ಸೇರಬೇಕು. ಬೇಟೆಗಾರನಿಗೆ ಆಸೆ ಹುಟ್ಟಿತು. ಕೊಲ್ಲು ಎಂದವರ ಕಣ್ಣೆದುರಿಗೇ ತನ್ನ ನಾಯಿ ಗೆಲ್ಲಬೇಕು ಎಂದುಕೊಂಡ.

ಬೇಲಿಯನ್ನೂ ತೂಬನ್ನೂ ನಾಯಿ ಬೇಗ ಕಲಿಯಿತು. ಹಲಗೆ ಕಂಡರೆ ಮಾತ್ರ ನಡುಗುತ್ತಿತ್ತು. ಅವನು ಎಳೆಯಲಿಲ್ಲ, ನೂಕಲಿಲ್ಲ. ಹಲಗೆಯನ್ನು ನೆಲದ ಮೇಲಿಟ್ಟು ಮೊದಲು ತಾನು ನಡೆದು ತೋರಿಸಿದ. ಆಚೆ ನಿಂತು "ನಾನಿದ್ದೇನೆ, ಬಾ" ಎಂದ. ನಾಯಿ ಬಂತು. ಆಮೇಲೆ ಹಲಗೆಯನ್ನು ಮೊಳದೆತ್ತರಕ್ಕೆ ಏರಿಸಿದ, ಆಮೇಲೆ ಆಳೆತ್ತರಕ್ಕೆ. ಯಾವಾಗಲೂ ಮೊದಲು ಅವನ ಕಾಲು, ಆಮೇಲೆ ನಾಯಿಯ ಕಾಲು.

ಬರಬರುತ್ತಾ ನಾಯಿಗೆ ಅವನ ಮಾತೇ ಸಾಕಾಯಿತು. ನೋಡಿದವರು ಭೇಷ್ ಎಂದರು. ಅವನೂ ಹಲಗೆಯನ್ನು ತುಳಿದು ನೋಡುವುದನ್ನು ಬಿಟ್ಟ. ಹೊಗಳಿಕೆ ತಲೆಗೇರಿದವನಿಗೆ ಕಾಲಿನ ನೆನಪು ಇರುವುದಿಲ್ಲ.

ಪಂದ್ಯದ ದಿನ ನಾಯಿ ಬೇಲಿ ಹಾರಿತು, ತೂಬು ನುಸುಳಿತು. ಅಷ್ಟು ಜನರ ನಡುವೆಯೂ ಒಮ್ಮೆಯೂ ಬೊಗಳಲಿಲ್ಲ. ಆದರೆ ಹಲಗೆಯ ಮುಂದೆ ನಿಂತುಬಿಟ್ಟಿತು. ಮುಂಗಾಲು ಇಟ್ಟು, ಹಿಂದಕ್ಕೆ ತೆಗೆಯಿತು. ಮೊದಲು ದಾಟಿದ ನಾಯಿಗಳ ತುಳಿತಕ್ಕೆ ಹಲಗೆಯ ಆಚೆಯ ತುದಿ ಜರುಗಿ, ಹಳ್ಳದ ಅಂಚಿಗೆ ಬಂದಿತ್ತು. ಆ ತುದಿ ಇದ್ದದ್ದು ಬೇಟೆಗಾರನ ಕಾಲ ಬುಡದಲ್ಲೇ. ಅವನು ನೋಡುತ್ತಿದ್ದದ್ದು ಜನರನ್ನು.

"ಏನಯ್ಯಾ, ನಿನ್ನ ಹುಲಿ ಇಲಿಯಾಯಿತೇ?" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ನಾಯಿ ಬೇಟೆಗಾರನ ಕಾಲನ್ನು ನೋಡಿತು. ಹಲಗೆಯನ್ನು ಒಮ್ಮೆ ತುಳಿದು ನೋಡುವುದಕ್ಕೆ ಪಂದ್ಯದಲ್ಲಿ ಯಾವ ತಡೆಯೂ ಇರಲಿಲ್ಲ. ಅವನನ್ನು ತಡೆದದ್ದು ನಾಚಿಕೆ. ಅವನು ಕಾಲು ಎತ್ತಲಿಲ್ಲ. "ನಾನಿದ್ದೇನೆ, ಬಾ" ಎಂದ.

ನಾಯಿ ನಡುಗುತ್ತಲೇ ಹೊರಟಿತು. ನಡುವಿಗೆ ಬಂದಾಗ ಹಲಗೆ ಜಾರಿತು.

ಬೇಟೆಗಾರ ಹಳ್ಳಕ್ಕೆ ಇಳಿದ. ನಾಯಿಯ ಬೆನ್ನು ಮುರಿದಿತ್ತು. ಹಿಂದಿನ ದಿನಗಳಾಗಿದ್ದರೆ ಅದು ಹತ್ತಿರ ಬಂದ ಕೈಯನ್ನು ಕಚ್ಚುತ್ತಿತ್ತು. ಈಗ ಅವನ ಮುಖ ನೋಡಿ ಕೈ ನೆಕ್ಕಿತು. ನೆಕ್ಕುತ್ತಲೇ ಪ್ರಾಣ ಬಿಟ್ಟಿತು. ಮೇಲೆ ಜನ ಮುಂದಿನ ನಾಯಿಯನ್ನು ಕರೆಯುತ್ತಿದ್ದರು. ಅದು ಕಚ್ಚಿಯಾದರೂ ಸತ್ತಿದ್ದರೆ ಚೆನ್ನಾಗಿತ್ತು ಎಂದು ಬೇಟೆಗಾರ ಬದುಕಿರುವ ತನಕ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಒಪ್ಪುವ ಮುಂಚೆ ಕೆಂಪಮ್ಮ ತನ್ನ ಮುಖವನ್ನೇ ದಿಟ್ಟಿಸಿದ್ದು ಮರುಳಯ್ಯನಿಗೆ ನೆನಪಾಯಿತು.

"ಹಾಗಾದರೆ ಅವಳಿಗೆ ಧೈರ್ಯ ಹೇಳಲೇಬಾರದೇ, ಬುದ್ಧಿ?" ಎಂದ.

ಗುರುಗಳು ಜಗಲಿಯ ಮೇಲಿದ್ದ ಗಂಟನ್ನು ನೋಡಿದರು.

"ಧಾರಾಳವಾಗಿ ಹೇಳು ಮರುಳಯ್ಯ; ನಾಳೆ ಅವಳು ಕಟ್ಟೆ ಹತ್ತುವ ಹೊತ್ತಿಗೆ ನೀನು ಎಷ್ಟು ದೂರ ಹೋಗಿರುತ್ತೀಯೆ?"