ಅರ್ಧ ಹೊರೆ ಸೌದೆ

ಗುಡ್ಡ ಬೋಳಾಗಿತ್ತು. ಅದರ ಬುಡದ ಒರತೆ ಬತ್ತಿತ್ತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು.

ಇನ್ನು ಸೌದೆ ಉರಿಸುವುದನ್ನು ಕಡಿಮೆ ಮಾಡಲೇಬೇಕು ಎಂದು ಹೊಳೆದಂಡೆಯ ಮಠದ ಅಜ್ಜಾರು ಹೇಳಿದರು. ಕಟ್ಟಳೆ ಮಾಡುವ ಕೆಲಸ ಶಿಷ್ಯ ಪಂಪಯ್ಯನ ಪಾಲಿಗೆ ಬಂತು. ನ್ಯಾಯವೆಂದರೆ ಅವನಿಗೆ ಪಂಚಪ್ರಾಣ. ಮಠವಿರಲಿ, ಗುಡಿಸಲಿರಲಿ, ಇಂದಿನಿಂದ ಎಲ್ಲರೂ ಅರ್ಧ ಸೌದೆಯನ್ನೇ ಉರಿಸಬೇಕು ಎಂದು ಊರಿಗೆಲ್ಲ ಸಾರಿ ಬಂದ.

ಮಠದಲ್ಲಿ ದಿನಕ್ಕೆ ಹತ್ತು ಹೊರೆ ಉರಿಯುತ್ತಿದ್ದದ್ದು ಐದಕ್ಕೆ ಇಳಿಯಿತು. ಸಂಜೆಯ ಬಿಸಿನೀರಿನ ಸ್ನಾನ ನಿಂತಿತು, ಅಷ್ಟೇ; ಮುಂಜಾನೆಯದು ನಡೆದೇ ಇತ್ತು. ಪಂಪಯ್ಯ ಅದನ್ನೇ ದೊಡ್ಡ ತ್ಯಾಗವೆಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ.

ಎಂಟು ದಿನ ಕಳೆದವು. ಅಜ್ಜಾರು ಅವನನ್ನು ಕರೆದು, ಇವತ್ತು ಚಾಪೆ ಹೆಣೆಯುವ ಹುಲಿಗೆಮ್ಮನ ಮನೆಯಲ್ಲಿ ಭಿಕ್ಷೆ ಮಾಡಿಕೊಂಡು ಬಾ ಎಂದರು.

ಹುಲಿಗೆಮ್ಮ ಜೋಳದ ನುಚ್ಚು ಬಡಿಸಿದಳು. ಅರೆಬೆಂದ ನುಚ್ಚು ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಒಳಗೆ ಹಸುಗೂಸು ಅಳುತ್ತಿತ್ತು.

"ತಪ್ಪು ತಿಳಿಬ್ಯಾಡ್ರಿ," ಎಂದಳು ಅವಳು. "ದಿನಕ್ಕ ಒಂದು ಹೊರೆ ಉರಸ್ತಿದ್ದೆ, ಈಗ ಅರ್ಧ. ಮಗಳು ಬಾಣಂತಿ. ಆಕೀಗೆ ನೀರು ಕಾಸಿದ್ರ ನುಚ್ಚು ಬೇಯಂಗಿಲ್ಲ. ನುಚ್ಚು ಬೇಯಿಸಿದ್ರ ನೀರು ಕಾಯಂಗಿಲ್ಲ. ಕಟ್ಟಳೆ ಮಾತ್ರ ಮೀರಿಲ್ಲರಿ."

ತಪ್ಪು ಮಾಡಿದವನು ತಟ್ಟೆಯ ಮುಂದೆ ಕೂತಿದ್ದ, ಕ್ಷಮೆ ಕೇಳುತ್ತಿದ್ದವಳು ಅವಳು. ನಾಚಿಕೆಯಿಂದ ಪಂಪಯ್ಯನಿಗೆ ಮುಖ ಎತ್ತಲಾಗಲಿಲ್ಲ. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮಠಕ್ಕೆ ಬಂದವನೇ, ಎಲ್ಲರಿಗೂ ಒಂದೇ ಕಟ್ಟಳೆ ಮಾಡಿದ್ದೆನಲ್ಲ ಎಂದು ತೊದಲಿದ.

"ಗುಡ್ಡ ಬೋಳಾಗಿದ್ದು ಯಾರ ಒಲಿಯಿಂದ?" ಅಜ್ಜಾರು ಕೇಳಿದರು.

ಪಂಪಯ್ಯ ಮಠದ ಹಿತ್ತಲಿನ ಕಡೆ ನೋಡಿದ. ಅಲ್ಲಿ ಮೂರು ತಲೆಮಾರಿನ ಬೂದಿ ಆಳೆತ್ತರಕ್ಕೆ ಬಿದ್ದಿತ್ತು.

"ನೀ ಕಟ್ಟಳೆ ಸಾರಿದ ದಿನಾನೇ ನನಗ ಇದು ಗೊತ್ತಿತ್ತು," ಅಜ್ಜಾರು ಮೆಲ್ಲಗೆ ಅಂದರು. "ಮುಂಜಾನಿ ಬಿಸಿನೀರಿನ ಸುಖಕ್ಕ ಸುಮ್ಮನಿದ್ದೆ."

ಅವರೂ ಅವನ ಮುಖ ನೋಡಲಿಲ್ಲ.

ಪಂಪಯ್ಯ ಎದ್ದು ಹೋಗಿ ಮಠದ ಸೌದೆಯಿಂದ ಎರಡು ಹೊರೆ ಬಿಗಿದ. ಹುಲಿಗೆಮ್ಮನಿಗೆ ದಾನ ಕೊಟ್ಟು ಬರುತ್ತೇನೆ ಎಂದು ಒಂದನ್ನು ತಲೆಗೇರಿಸಿದ.

ಅಜ್ಜಾರು ಇನ್ನೊಂದು ಹೊರೆಯನ್ನು ತಾವೇ ಹೊತ್ತು ಅವನ ಜೊತೆ ಬಾಗಿಲು ದಾಟಿದರು.

"ಆಕೀ ಮನಿ ಮುಂದ ದಾನ ಅನ್ನೋ ಮಾತು ಎತ್ತಬ್ಯಾಡ, ತಮ್ಮಾ. ತಗೊಂಡಿದ್ದು ತಿರುಗಿ ಕೊಡಾಕ ಬಂದೀವಿ ಅನ್ನು."