ಕನ್ನಡಿಯಲ್ಲಿ ಕಂಡ ಕೆಂಚವ್ವ

ಊರೂರಿಗೆ ಡಂಗುರ ಹೊಡೆಸಿದರು: "ಮಾತಾಡುವ ಕನ್ನಡಿಯಲ್ಲಿ ಹೊರನಾಡಿನ ಹೆಣ್ಣನ್ನು ಕಂಡು ಒಲಿದವನು ಅವಳನ್ನು ಗಡಿಯೊಳಗೆ ಕರೆತರಬೇಕಾದರೆ ಅರಸ ವೀರಮಲ್ಲನ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆ ಉಳಿಯದು." ಹಾಗೆ ಕರೆತಂದ ಹೆಣ್ಣುಗಳನ್ನು ಸಂತೆಯಲ್ಲಿ ಮಾರಿದವರಿದ್ದರು, ಅದಕ್ಕೇ ಈ ಕಟ್ಟಳೆ.

ಕಂಬಳಿ ನೇಯುವ ಮೈಲಾರಿ ಬಂದ ದಿನ ಕೋಟೆಯ ಮುಂದೆ ಈಟಿಗಳ ಮೇಲೆ ಹನ್ನೊಂದು ತಲೆಗಳಿದ್ದವು. ಅವನ ಕೆಂಚವ್ವ ಗಡಿಯ ಸುಂಕದ ಕಟ್ಟೆಯಲ್ಲಿ ಕಾಯುತ್ತಿದ್ದಳು. ಹಿಂದಿನ ದಿನ ಮೂರೂ ಒಗಟು ಗೆದ್ದಿದ್ದ ಹಡಗಿನ ವ್ಯಾಪಾರಿ ರತ್ನಾಕರ ಅರಸನ ಪಕ್ಕದಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ.

"ಎರಡು ದಡಗಳ ನಡುವೆ ಓಡಾಡುತ್ತದೆ, ಎಲ್ಲೂ ಇಳಿಯುವುದಿಲ್ಲ. ಓಡಿದಷ್ಟೂ ನಡುವಿನ ಬಯಲು ತುಂಬುತ್ತದೆ. ಏನದು?" ಎಂದ ಅರಸ.

"ದೋಣಿ," ಎಂದ ಸಾಲಿನಲ್ಲಿ ಮುಂದೆ ನಿಂತಿದ್ದ ದಳವಾಯಿಯ ಮಗ. ಭಟ ಕತ್ತಿ ಬೀಸಿದ. ರಕ್ತ ಮೈಲಾರಿಯ ಕಾಲಿಗೆ ಸಿಡಿಯಿತು.

"ಮಗ್ಗದ ಲಾಳಿ, ಸ್ವಾಮಿ," ಎಂದ ಮೈಲಾರಿ.

ಅರಸ ಎರಡನೆಯದನ್ನು ಕೇಳಿದ: "ನಟಿಸುವವರ ಮನೆಗೆ ಬಾರದು. ನಿಜವಾದ ಇಬ್ಬರ ನಡುವೆ ಕರೆಯದೆ ಬಂದು ಕೂರುತ್ತದೆ, ಉಣ್ಣಲು ಬಿಡದು. ಹೋದಮೇಲೆ ಇಬ್ಬರೂ ನಗುತ್ತಾರೆ."

"ವಿರಹ," ಎಂದು ಹಿಂದಿದ್ದ ಕವಿ ಮುಂದೆ ನುಗ್ಗಿದ. ಅವನ ತಲೆ ಮೆಟ್ಟಿಲ ಮೇಲೆ ಉರುಳಿತು.

"ಜಗಳ, ಸ್ವಾಮಿ," ಎಂದ ಮೈಲಾರಿ. "ನಾನು ನೇಯ್ದ ಅಂಚು ಸೊಟ್ಟ ಅಂದಳು ಕೆಂಚವ್ವ, ನಾನು ರೇಗಿದೆ. ಒಂಬತ್ತು ದಿನ ಕನ್ನಡಿಗೆ ಬಟ್ಟೆ ಮುಚ್ಚಿಟ್ಟಿದ್ದಳು."

ಅರಸ ಮೂರನೆಯದನ್ನು ಕೇಳಿದ: "ಯಾರೂ ಬಿತ್ತದ ಹೊಲದಲ್ಲಿ ಒಂದೇ ಕರಿ ಕಾಳು. ನಿನ್ನವಳ ಹೊಲದಲ್ಲಿ ಅದು ಯಾವ ಕಡೆ?"

"ಅದು ಮಚ್ಚೆ. ಬಲಗೆನ್ನೆಯ ಮೇಲಿದೆ."

ಕೆಂಚವ್ವನನ್ನು ಕಂಡು ಗಡಿಯವರು ಬರೆದು ಕಳಿಸಿದ್ದ ಓಲೆಯನ್ನು ಕರಣಿಕ ನೋಡಿದ. "ಎಡಗೆನ್ನೆ."

ರತ್ನಾಕರ ನಕ್ಕ. "ನಾನಾದರೂ ನನ್ನವಳದ್ದು ಸರಿಯಾಗಿ ಹೇಳಿದೆನಪ್ಪ."

ಕತ್ತಿಯ ಅಲಗು ಮೈಲಾರಿಯ ಕುತ್ತಿಗೆಯ ಚರ್ಮ ಸೀಳಿತು. ಅವನು ಕದಲಲಿಲ್ಲ. "ಸ್ವಾಮಿ, ನಾನು ಅವಳನ್ನು ಕನ್ನಡಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಕನ್ನಡಿ ಎಡವನ್ನು ಬಲ ಮಾಡುತ್ತದೆ. ಎಡ ಅಂದಿದ್ದರೆ ಯಾರೋ ಹೇಳಿಕೊಟ್ಟ ಪಾಠ ಅಂತ ತಿಳಿಯಬೇಕಿತ್ತು."

ಅರಸ ಮೆಲ್ಲನೆ ರತ್ನಾಕರನತ್ತ ತಿರುಗಿದ. "ನಿನಗೆ ಹೇಗೆ ಗೊತ್ತಾಯಿತು?"

"ಹೆಣ್ಣು ಮಾರುವ ದಲ್ಲಾಳಿ ಬರೆದುಕೊಟ್ಟಿದ್ದ..."

ಮಾತು ಮುಗಿಯುವ ಮೊದಲೇ ತಲೆ ಬಿತ್ತು. ಬಾಯಲ್ಲಿ ಎಲೆ ಅಡಿಕೆ ಹಾಗೇ ಇತ್ತು.

ಕರಣಿಕ ತಗ್ಗಿದ ದನಿಯಲ್ಲಿ ಹೇಳಿದ: "ಸ್ವಾಮಿ, ಈಟಿಯ ಮೇಲಿರುವ ಹನ್ನೊಂದು ಜನರಲ್ಲಿ ನಾಲ್ವರು ಹೀಗೇ ಎಡಕ್ಕೆ ಬಲ ಅಂದಿದ್ದರು."

ಅರಸ ಆ ನಾಲ್ಕು ತಲೆಗಳನ್ನು ತಾನೇ ಇಳಿಸಿ, ಮಣ್ಣು ಮಾಡಿ, ಕತ್ತಿಯನ್ನೂ ಅವರ ಜೊತೆ ಹೂತ. ಗಡಿಯ ಕಟ್ಟೆಯ ಅಧಿಕಾರವನ್ನು ಮೈಲಾರಿಗೆ ಕೊಟ್ಟ.

ಗಡಿ ತೆರೆಯಿತು. "ಕುತ್ತಿಗೆಗೆ ಏನಾಯ್ತು?" ಎಂದಳು ಕೆಂಚವ್ವ.

"ಏನಿಲ್ಲ, ಗೀರು." ಮಚ್ಚೆ ಮುಟ್ಟಲು ಅವನ ಕೈ ಅವಳ ಬಲಗೆನ್ನೆಗೆ ಹೋಯಿತು.

"ಆ ಕಡೆ ಅಲ್ಲ ಮಾರಾಯ," ಎಂದು ಅವಳು ಅವನ ಕೈ ಹಿಡಿದು ಎಡಕ್ಕೆ ತಂದಳು.